ಯಾರು ಬೇಕಾದರೂ ಮುಟ್ಟಬಹುದಾದ ಹೆಸರುಗಳು

ಇಪ್ಪತ್ತು–ಇಪ್ಪತ್ತೈದು ವರ್ಷಗಳ ಹಿಂದೆ ಪಿಎಚ್‌ಪಿಯಲ್ಲಿ ಬರೆದ ಎಷ್ಟೋ ಜಾಲತಾಣಗಳ ಬೀಗ ತೆಗೆಯಲು ಪಾಸ್‌ವರ್ಡೇ ಬೇಕಿರಲಿಲ್ಲ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಪುಟದ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ‘ಅನುಮತಿ=1’ ಎಂಬಂಥದ್ದೇನನ್ನೋ ಟೈಪ್ ಮಾಡಿ ಎಂಟರ್ ಒತ್ತಿದರೆ ಅಡ್ಮಿನ್ ಪುಟ ತೆರೆದುಕೊಳ್ಳುತ್ತಿತ್ತು. ಕಳ್ಳನಿಗೆ ಗೊತ್ತಿರಬೇಕಾದದ್ದು ಇಷ್ಟೇ: ಒಳಗಿನ ಕೋಡಿನಲ್ಲಿ ಆ ವೇರಿಯೇಬಲ್ಲಿಗೆ ಇಟ್ಟಿದ್ದ ಹೆಸರು. ತಾಣ ಓಪನ್ ಸೋರ್ಸ್ ತಂತ್ರಾಂಶದ ಮೇಲೆ ನಿಂತಿದ್ದರೆ ಅದನ್ನೂ ಊಹಿಸಬೇಕಿರಲಿಲ್ಲ. ಕೋಡ್ ಇಳಿಸಿಕೊಂಡು ಓದಿದರಾಯಿತು.

ಈ ಬಾಗಿಲು ತೆರೆದಿಟ್ಟದ್ದು ‘ರಿಜಿಸ್ಟರ್ ಗ್ಲೋಬಲ್ಸ್’ ಎಂಬ ಒಂದು ಸೆಟ್ಟಿಂಗ್. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಪಿಎಚ್‌ಪಿಯನ್ನು ಸಾರ್ವಜನಿಕರ ಕೈಗಿಟ್ಟಾಗ ಅದು ಸ್ವಂತದ ಹೋಮ್‌ಪೇಜ್ ನಡೆಸುವವರಿಗಾಗಿ ಕಟ್ಟಿದ ಸಣ್ಣ ಸಲಕರಣೆಗಳ ಗಂಟು. ಫಾರ್ಮಿನಲ್ಲಿ ‘ಊರು’ ಎಂಬ ಪೆಟ್ಟಿಗೆ ಇದ್ದರೆ, ಅದರಲ್ಲಿ ತುಂಬಿದ್ದು ಸ್ಕ್ರಿಪ್ಟಿನಲ್ಲಿ ‘ಊರು’ ಎಂಬ ವೇರಿಯೇಬಲ್ ಆಗಿ ತಾನಾಗಿಯೇ ಹಾಜರಿರುತ್ತಿತ್ತು. ಪ್ರೋಗ್ರಾಮಿಂಗ್ ಓದಿರದವರೂ ಒಂದು ಮಧ್ಯಾಹ್ನದಲ್ಲಿ ಅತಿಥಿ ಪುಸ್ತಕ ಕಟ್ಟಿಬಿಡಬಹುದಿತ್ತು. ಆ ಸಲೀಸುತನವೇ ಪಿಎಚ್‌ಪಿಯನ್ನು ಬೆಳೆಸಿತು ಎಂಬುದನ್ನು ಅದನ್ನು ಬಯ್ಯುವವರು ಮರೆಯಬಾರದು.

ಎಡವಟ್ಟಾಗುತ್ತಿದ್ದದ್ದು ಹೀಗೆ. ಪಾಸ್‌ವರ್ಡ್ ಸರಿ ಇದ್ದರೆ ‘ಅನುಮತಿ’ಗೆ 1 ಎಂದು ಬರೆ ಅನ್ನುವುದು ಕೋಡಿನ ಮೊದಲ ಸಾಲು. ‘ಅನುಮತಿ’ 1 ಇದ್ದರೆ ಒಳಗೆ ಬಿಡು ಅನ್ನುವುದು ಎರಡನೆಯದು. ಪಾಸ್‌ವರ್ಡ್ ತಪ್ಪಾದರೆ ಮೊದಲ ಸಾಲು ಏನೂ ಮಾಡುವುದಿಲ್ಲ, ಸರಿ. ಆದರೆ ಅಷ್ಟರಲ್ಲಿ ವಿಳಾಸಪಟ್ಟಿಯಿಂದ ಬಂದ 1 ಆ ಹೆಸರಿನಲ್ಲಿ ಕೂತಾಗಿದೆ! ಮೊದಲಿಗೇ ‘ಅನುಮತಿ = 0’ ಎಂದು ಒಂದು ಸಾಲು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಬರೆಯದಿದ್ದರೂ ಕೋಡ್ ಓಡುತ್ತಿತ್ತಾದ್ದರಿಂದ ಬಹಳ ಜನ ಬರೆಯಲಿಲ್ಲ.

2001ರ ಡಿಸೆಂಬರಿನಲ್ಲಿ ಬಂದ 4.1 ಆವೃತ್ತಿ ಫಾರ್ಮಿನ ಮಾಹಿತಿಗೆ ‘ಗೆಟ್’, ‘ಪೋಸ್ಟ್’ ಎಂಬ ಬೇರೆ ಬೇರೆ ಪಟ್ಟಿಗಳನ್ನು ಕೊಟ್ಟಿತು. ಹೊರಗಿನಿಂದ ಬಂದದ್ದು ಹೊರಗಿನದೆಂದೇ ಅಲ್ಲಿ ಗುರುತಿಸಲಾಗುತ್ತದೆ. 2002ರ 4.2ರಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಸೆಟ್ಟಿಂಗ್ ತಾನಾಗಿ ‘ಆಫ್’ ಆಗಿ ಬರತೊಡಗಿತು. ಹಳೆಯ ಸ್ಕ್ರಿಪ್ಟುಗಳು ನಿಂತುಹೋದವು, ಗ್ರಾಹಕರು ಗಲಾಟೆ ಮಾಡಿದರು, ಅಗ್ಗದ ಹೋಸ್ಟಿಂಗಿನವರು ಅದನ್ನು ಮತ್ತೆ ‘ಆನ್’ ಮಾಡಿಕೊಟ್ಟರು. ಪೂರ್ತಿ ಕಿತ್ತುಹಾಕಲು 2012ರ 5.4 ಆವೃತ್ತಿಯವರೆಗೆ ಕಾಯಬೇಕಾಯಿತು. ಒಂದು ಸೆಟ್ಟಿಂಗಿಗೆ ಹತ್ತು ವರ್ಷ.

ಗ್ಲೋಬಲ್ ವೇರಿಯೇಬಲ್ ಎಂದರೆ ಹಳೆಯ ಬೆಂಗಳೂರಿನ ವಠಾರದ ಅಂಗಳದಲ್ಲಿಟ್ಟ ಬಕೆಟ್ಟು. ಮನೆಯೊಳಗೆ ಇಟ್ಟದ್ದು ಮನೆಯವರದು. ಅಂಗಳದಲ್ಲಿಟ್ಟದ್ದನ್ನು ಯಾರು ಬೇಕಾದರೂ ತುಂಬಿಸಬಹುದು, ಚೆಲ್ಲಬಹುದು, ತಮ್ಮದೆಂದು ಎತ್ತಿಕೊಂಡೂ ಹೋಗಬಹುದು. ಯಾವ ಹೆಸರು ಎಲ್ಲಿಯವರೆಗೆ ಕಾಣುತ್ತದೆ ಎಂಬ ಗಡಿಯೇ ಸ್ಕೋಪ್. ಈ ಗಡಿ ಎಳೆಯುವ ಕ್ರಮ ಭಾಷೆಯಿಂದ ಭಾಷೆಗೆ ಬೇರೆ. ಪಿಎಚ್‌ಪಿಯಲ್ಲಿ ಫಂಕ್ಷನ್ನಿನ ಒಳಗಿನಿಂದ ಹೊರಗಿನ ವೇರಿಯೇಬಲ್ ಕಾಣುವುದೇ ಇಲ್ಲ. ಬೇಕಿದ್ದರೆ ‘ಗ್ಲೋಬಲ್’ ಎಂದು ಬಾಯಿಬಿಟ್ಟು ಕೇಳಬೇಕು. ಹೊರಗೆ ಬೆಲೆ 100 ಎಂದು ಬರೆದು, ಒಳಗೆ ಅದನ್ನು ಪ್ರಿಂಟ್ ಮಾಡಿ, ತೆರೆಯ ಮೇಲೆ ಖಾಲಿ ಜಾಗ ನೋಡಿ ಕಕ್ಕಾಬಿಕ್ಕಿಯಾಗದೆ ಪಿಎಚ್‌ಪಿ ಕಲಿತವರು ಕಡಿಮೆ. (ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಎರಡೂ ವೇರಿಯೇಬಲ್ಲಿಗೆ ‘ಬೆಲೆ’, ‘ಊರು’ ಎಂಬ ಕನ್ನಡ ಅಕ್ಷರದ ಹೆಸರನ್ನೇ ಇಟ್ಟರೂ ತಕರಾರು ಮಾಡುವುದಿಲ್ಲ. ಹಾಗೆ ಬರೆಯುವವರು ಅಪರೂಪ ಅಷ್ಟೆ.)

ಈ ಗಡಿಯ ವಿಷಯದಲ್ಲಿ ಜಾವಾಸ್ಕ್ರಿಪ್ಟಿನದು ಪಿಎಚ್‌ಪಿಗೆ ತದ್ವಿರುದ್ಧ ಸ್ವಭಾವ. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಗಾಗಿ ಹತ್ತು ದಿನದಲ್ಲಿ ಅದರ ಮೊದಲ ರೂಪವನ್ನು ಬರೆದರು. ಗುಂಡಿ ಒತ್ತಿದರೆ ಏನೋ ಆಗಬೇಕು, ಅಷ್ಟೇ ಆಗಿನ ನಿರೀಕ್ಷೆ. ಅದರಲ್ಲಿ ಫಂಕ್ಷನ್ನಿನ ಒಳಗಿನಿಂದ ಹೊರಗಿನದೆಲ್ಲ ಕಾಣುತ್ತದೆ. ಸಾಲದ್ದಕ್ಕೆ, ‘ವಾರ್’ ಎಂದು ಘೋಷಿಸದೆ ಒಂದು ಹೆಸರಿಗೆ ಬೆಲೆ ಕೊಟ್ಟರೆ ಭಾಷೆ ಬೇಡ ಎನ್ನುವುದಿಲ್ಲ, ಸದ್ದಿಲ್ಲದೆ ಅದನ್ನು ಗ್ಲೋಬಲ್ ಮಾಡಿಬಿಡುತ್ತದೆ.

ಇದರ ಪರಿಣಾಮ ನೋಡಲು ಎರಡು ಲೂಪ್ ಸಾಕು. ಹೊರಗಿನ ಫಂಕ್ಷನ್ ಹತ್ತು ಸಾಲುಗಳನ್ನು ಎಣಿಸುತ್ತದೆ, ಎಣಿಕೆಯ ಹೆಸರು ‘ಐ’. ಪ್ರತಿ ಸಾಲಿಗೂ ಅದು ಇನ್ನೊಂದು ಫಂಕ್ಷನ್ನನ್ನು ಕರೆಯುತ್ತದೆ. ಆ ಫಂಕ್ಷನ್ ಮೂರು ಕಾಲಂ ಎಣಿಸುತ್ತದೆ, ಅದರ ಎಣಿಕೆಯ ಹೆಸರೂ ‘ಐ’. ಎರಡೂ ಕಡೆ ‘ವಾರ್’ ಬಿಟ್ಟುಹೋಗಿದೆ. ಒಳಗಿನದು ಮುಗಿದಾಗ ‘ಐ’ 3 ಆಗಿರುತ್ತದೆ. ಹೊರಗಿನದು ಒಂದು ಕೂಡಿಸಿ 4 ಮಾಡಿ ಮತ್ತೆ ಕರೆಯುತ್ತದೆ. ಒಳಗಿನದು ಅದನ್ನು ಸೊನ್ನೆಯಿಂದ ಶುರುಮಾಡಿ ಮತ್ತೆ 3ಕ್ಕೆ ತಂದು ನಿಲ್ಲಿಸುತ್ತದೆ. 3, 4, 3, 4. ಹತ್ತು ಬರುವುದೇ ಇಲ್ಲ, ಪುಟ ಗರಬಡಿದಂತೆ ನಿಲ್ಲುತ್ತದೆ. ಎರಡು ಫಂಕ್ಷನ್‌ಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡೂ ಸರಿಯಾಗಿಯೇ ಕೆಲಸ ಮಾಡುತ್ತವೆ. ಹುಡುಕುವವರ ತಲೆ ಕೆಡುವುದು ಅದಕ್ಕೇ.

‘ವಾರ್’ ಹಾಕಿದರೂ ಕೆಲವೊಮ್ಮೆ ಬಚಾವಾಗುವುದಿಲ್ಲ. ಪುಟದ ಸ್ಕ್ರಿಪ್ಟಿನ ಮೇಲ್ಮಟ್ಟದಲ್ಲಿ ‘ನೇಮ್’ ಎಂಬ ವೇರಿಯೇಬಲ್ಲಿಗೆ 42 ಕೊಟ್ಟು, ಆಮೇಲೆ ಅದು ಸಂಖ್ಯೆಯೇ ಎಂದು ಕೇಳಿದರೆ, ಅಲ್ಲ, ಅಕ್ಷರಮಾಲೆ ಎಂಬ ಉತ್ತರ ಬರುತ್ತದೆ. ಬ್ರೌಸರಿನಲ್ಲಿ ಹೀಗೆ ಹುಟ್ಟಿದ ಗ್ಲೋಬಲ್‌ಗಳೆಲ್ಲ ‘ವಿಂಡೋ’ ಎಂಬ ವಸ್ತುವಿನ ಅಂಗಗಳು, ಮತ್ತು ಅದಕ್ಕೆ ‘ನೇಮ್’ ಎಂಬ ಅಂಗ ಮೊದಲೇ ಇದೆ. ಅದು ಸ್ಟ್ರಿಂಗ್ ಬಿಟ್ಟು ಬೇರೇನನ್ನೂ ಇಟ್ಟುಕೊಳ್ಳುವುದಿಲ್ಲ.

ಒಬ್ಬರೇ ಬರೆದ ಪುಟದಲ್ಲಿ ಇಷ್ಟು ಫಜೀತಿಯಾದರೆ, ಹಲವರು ಬರೆದದ್ದು ಒಂದೇ ಪುಟದಲ್ಲಿ ಸೇರಿದಾಗ ಕೇಳಬೇಕೆ? 2005ರಲ್ಲಿ ಬಂದ ಪ್ರೊಟೊಟೈಪ್ ಲೈಬ್ರರಿ ಬರಿಯ ಡಾಲರ್ ಚಿಹ್ನೆಯನ್ನೇ ತನ್ನ ಮುಖ್ಯ ಫಂಕ್ಷನ್ನಿನ ಹೆಸರಾಗಿಸಿಕೊಂಡಿತ್ತು. ಮರುವರ್ಷ ಬಂದ ಜಾನ್ ರೆಸಿಗ್ ಅವರ ಜೆಕ್ವೆರಿಯೂ ಅದೇ ಚಿಹ್ನೆಯನ್ನು ಆರಿಸಿಕೊಂಡಿತು. ಎರಡನ್ನೂ ಸೇರಿಸಿದ ಪುಟದಲ್ಲಿ ಕೊನೆಗೆ ಬಂದದ್ದೇ ಗೆಲ್ಲುತ್ತಿತ್ತು. ಜೆಕ್ವೆರಿ ಇದಕ್ಕಾಗಿಯೇ ‘ನೋ ಕಾನ್‌ಫ್ಲಿಕ್ಟ್’ ಎಂಬ ಸೌಲಭ್ಯ ಇಟ್ಟಿತು. ಅದನ್ನು ಕರೆದರೆ ಡಾಲರ್ ಚಿಹ್ನೆಯನ್ನು ಹಳೆಯ ಒಡೆಯನಿಗೆ ಬಿಟ್ಟುಕೊಡುತ್ತದೆ. 2008ರಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಈ ಭಾಷೆಯ ಒಳ್ಳೆಯ ಭಾಗಗಳ ಬಗ್ಗೆ ಬರೆದ ಪುಸ್ತಕದ ಕೊನೆಗೆ ತೀರಾ ಕೆಟ್ಟ ಭಾಗಗಳ ಪಟ್ಟಿಯೊಂದಿದೆ. ಅದರಲ್ಲಿ ಮೊದಲ ಸ್ಥಾನ ಗ್ಲೋಬಲ್ ವೇರಿಯೇಬಲ್ಲಿಗೆ.

ಮದ್ದು ಕಂತುಕಂತಾಗಿ ಬಂತು. ಮೊದಲು ಕೋಡನ್ನೆಲ್ಲ ಒಂದು ಅನಾಮಧೇಯ ಫಂಕ್ಷನ್ನಿನೊಳಗೆ ಸುತ್ತಿ ಕೂಡಲೇ ಓಡಿಸುವ ಉಪಾಯವನ್ನು ಡೆವಲಪರುಗಳೇ ಕಂಡುಕೊಂಡರು. 2009ರ ‘ಸ್ಟ್ರಿಕ್ಟ್ ಮೋಡ್’ನಲ್ಲಿ ಘೋಷಿಸದ ಹೆಸರಿಗೆ ಬೆಲೆ ಕೊಟ್ಟರೆ ಎರರ್ ಬರುತ್ತದೆ. 2015ರಲ್ಲಿ ಬಂದ ‘ಲೆಟ್’, ‘ಕಾನ್ಸ್ಟ್’ ಆವರಣ ಚಿಹ್ನೆಗಳ ಗಡಿ ದಾಟುವುದಿಲ್ಲ. ಆದರೆ ಸ್ಕ್ರಿಪ್ಟಿನ ಮೇಲ್ಮಟ್ಟದಲ್ಲಿ ಬರೆದ ‘ಲೆಟ್’ ವಿಂಡೋದ ಅಂಗವಾಗದಿದ್ದರೂ ಪುಟದ ಉಳಿದ ಸ್ಕ್ರಿಪ್ಟುಗಳಿಗೆ ಕಾಣುತ್ತದೆ. ಎರಡು ಸ್ಕ್ರಿಪ್ಟುಗಳು ಒಂದೇ ಹೆಸರನ್ನು ಹೀಗೆ ಘೋಷಿಸಿದರೆ ಎರಡನೆಯದರ ಒಂದು ಸಾಲೂ ಓಡುವುದಿಲ್ಲ. ಪ್ರತಿ ಫೈಲಿಗೂ ತನ್ನದೇ ಸ್ಕೋಪ್ ಸಿಕ್ಕಿದ್ದು ಅದೇ 2015ರ ಮಾಡ್ಯೂಲ್‌ಗಳಿಂದ. ಅವು ಕಡ್ಡಾಯವಾಗಿ ಸ್ಟ್ರಿಕ್ಟ್ ಮೋಡಿನಲ್ಲೇ ನಡೆಯುತ್ತವೆ.

ಸರ್ವರಿನ ಕಡೆ ಗ್ಲೋಬಲ್‌ನ ಹಾನಿ ಇನ್ನೂ ದೊಡ್ಡದು. ಪಿಎಚ್‌ಪಿಯ ಸಾಮಾನ್ಯ ರೀತಿಯಲ್ಲಿ ಪ್ರತಿ ಕೋರಿಕೆಗೂ ಸ್ಕ್ರಿಪ್ಟ್ ಹೊಸದಾಗಿ ಶುರುವಾಗಿ, ಪುಟ ಕಳಿಸಿ ಮುಗಿಯುತ್ತದೆ. ಗ್ಲೋಬಲ್‌ಗಳೂ ಅದರ ಜೊತೆಗೇ ಅಳಿಯುತ್ತವೆ. ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ನೋಡ್ ಜೆಎಸ್‌ನಲ್ಲಿ ಹಾಗಲ್ಲ, ಒಂದೇ ಪ್ರೋಸೆಸ್ ದಿನಗಟ್ಟಲೆ ಜೀವಂತವಿದ್ದು ಬಂದವರೆಲ್ಲರಿಗೂ ಉತ್ತರ ಕೊಡುತ್ತದೆ. ಅಲ್ಲಿ ‘ಬಳಕೆದಾರ’ ಎಂಬ ವೇರಿಯೇಬಲ್ಲನ್ನು ಘೋಷಿಸಲು ಮರೆತರೆ? ಮೊದಲನೆಯವರ ಹೆಸರು ಅದರಲ್ಲಿ ಕೂರುತ್ತದೆ, ಕೋಡ್ ಡೇಟಾಬೇಸಿನ ಉತ್ತರಕ್ಕೆ ಕಾಯುತ್ತದೆ. ಆ ಕಾಯುವ ಗಳಿಗೆಯಲ್ಲಿ ಎರಡನೆಯವರು ಬಂದು ತಮ್ಮ ಹೆಸರು ಕೂರಿಸುತ್ತಾರೆ. ಉತ್ತರ ಬಂದಾಗ ಮೊದಲನೆಯವರ ತೆರೆಯ ಮೇಲೆ ಎರಡನೆಯವರ ಖಾತೆ! ಡೆವಲಪರು ತಮ್ಮ ಲ್ಯಾಪ್‌ಟಾಪಿನಲ್ಲಿ ಒಬ್ಬರೇ ಕೂತು ಪರೀಕ್ಷಿಸುವಾಗ ಇದು ಎಂದೂ ಕಾಣಿಸಿಕೊಳ್ಳುವುದಿಲ್ಲ. ಜನ ಒಟ್ಟಿಗೆ ನುಗ್ಗಿದ ದಿನವೇ ಹೊರಬೀಳುತ್ತದೆ.

ಕೋಡೇ ಬರೆಯದೆ ಗ್ಲೋಬಲ್ ಹುಟ್ಟಿಸುವ ದಾರಿಯೂ ಒಂದಿದೆ. ಎಚ್‌ಟಿಎಂಎಲ್‌ನಲ್ಲಿ ಯಾವುದೇ ಅಂಶಕ್ಕೆ ‘ಐಡಿ’ ಕೊಟ್ಟರೆ, ಆ ಹೆಸರು ಬೇರೆಡೆ ಬಳಕೆಯಾಗಿರದ ಪಕ್ಷದಲ್ಲಿ, ಅದು ವಿಂಡೋದಲ್ಲಿ ತಾನಾಗಿ ಸಿಗುತ್ತದೆ. ಹಳೆಯ ಬ್ರೌಸರುಗಳ ಈ ಅನುಕೂಲವನ್ನು ಈಗಿನವೂ ಉಳಿಸಿಕೊಂಡಿವೆ. 2019ರಲ್ಲಿ ಭದ್ರತಾ ಸಂಶೋಧಕ ಮಿಹಾವ್ ಬೆಂಟ್ಕೋವ್ಸ್ಕಿ, ಜಿಮೇಲ್‌ನ ಡೈನಮಿಕ್ ಇಮೇಲ್‌ನೊಳಗೆ ಹೀಗೆ ಐಡಿಗಳನ್ನು ಹೊಂದಿಸಿಟ್ಟು, ಅಲ್ಲಿನ ಕೋಡ್ ನೆಚ್ಚಿಕೊಂಡಿದ್ದ ಗ್ಲೋಬಲ್‌ನ ಜಾಗದಲ್ಲಿ ತಮ್ಮದನ್ನು ಕೂರಿಸಬಹುದೆಂದು ತೋರಿಸಿದರು. ಗೂಗಲ್ ಅದನ್ನು ಸರಿಪಡಿಸಿತು.

ಹಳೆಯ ಪುಟಗಳನ್ನು ಮುರಿಯಬಾರದೆಂಬ ಕಟ್ಟಳೆ ವೆಬ್ಬಿಗಿರುವುದರಿಂದ, ಒಮ್ಮೆ ಗ್ಲೋಬಲ್‌ನಲ್ಲಿ ಬಳಕೆಗೆ ಬಂದ ಹೆಸರನ್ನು ಭಾಷೆಯನ್ನು ರೂಪಿಸುವ ಸಮಿತಿಯೂ ಮುಟ್ಟುವಂತಿಲ್ಲ. ಬ್ರೌಸರಿನಲ್ಲಿ ‘ವಿಂಡೋ’, ನೋಡ್‌ನಲ್ಲಿ ‘ಗ್ಲೋಬಲ್’ ಎಂದಿದ್ದ ವಸ್ತುವಿಗೆ ಎಲ್ಲೆಡೆ ಒಂದೇ ಹೆಸರಿರಲಿ ಎಂದು ಹೊರಟಾಗ ‘ಗ್ಲೋಬಲ್’ ಎಂದೇ ಕರೆಯುವ ಯೋಚನೆಯಿತ್ತು. ಆದರೆ ಆ ಹೆಸರು ಸಿಕ್ಕರೆ ತಾನಿರುವುದು ನೋಡ್‌ನಲ್ಲೇ ಎಂದು ತೀರ್ಮಾನಿಸುವ ಕೋಡ್ ಚಾಲ್ತಿಯಲ್ಲಿತ್ತು, ತಾಣಗಳು ಮುರಿದವು. 2020ರ ಆವೃತ್ತಿಗೆ ಕೊನೆಗೆ ಬಂದದ್ದು ‘ಗ್ಲೋಬಲ್‌ದಿಸ್’ ಎಂಬ, ಯಾರಿಗೂ ಅಷ್ಟಾಗಿ ಇಷ್ಟವಾಗದ ಹೆಸರು.

ತಮ್ಮ ಪುಟದಲ್ಲಿ ಏನೇನು ಸೋರಿದೆ ಎಂದು ನೋಡುವುದು ಕಷ್ಟವಲ್ಲ. ಖಾಲಿ ಐಫ್ರೇಮ್ ಒಂದನ್ನು ಹುಟ್ಟಿಸಿ, ಅದರ ವಿಂಡೋದಲ್ಲಿರುವ ಹೆಸರುಗಳನ್ನು ಪುಟದ ವಿಂಡೋದ ಹೆಸರುಗಳಿಂದ ಕಳೆದರೆ, ಉಳಿದದ್ದು ಬ್ರೌಸರಿನದಲ್ಲ, ಪುಟಕ್ಕೆ ಬಂದ ಸ್ಕ್ರಿಪ್ಟುಗಳದು. ಮಾಡ್ಯೂಲ್‌ಗಳಲ್ಲಿ ಕಟ್ಟಿದ ಇಂದಿನ ತಾಣದಲ್ಲಿ ಈ ಲೆಕ್ಕ ಹಾಕಿದರೆ ಡೆವಲಪರು ಬರೆದ ಹೆಸರುಗಳು ಹೆಚ್ಚೇನೂ ಸಿಗಲಿಕ್ಕಿಲ್ಲ. ಸಿಗುವುದು ‘ಡೇಟಾಲೇಯರ್’, ‘ಜಿಟ್ಯಾಗ್’, ‘ಎಫ್‌ಬಿಕ್ಯೂ’. ಮೊದಲೆರಡು ಗೂಗಲ್‌ನ ಟ್ಯಾಗ್‌ಗಳವು, ಮೂರನೆಯದು ಹಿಂದೆ ಫೇಸ್‌ಬುಕ್ ಪಿಕ್ಸೆಲ್ ಎನಿಸಿಕೊಂಡಿದ್ದ ಮೆಟಾ ಪಿಕ್ಸೆಲ್‌ನದು. ಇವು ಮರೆವಿನಿಂದ ಸೋರಿದವಲ್ಲ. ಪುಟದ ಯಾವ ಮೂಲೆಯಿಂದ ಕರೆದರೂ ಸಿಗಲೆಂದು, ಬೇಕೆಂದೇ ಅಲ್ಲಿ ಬಂದು ಕೂತವು.