ಕ್ಯಾಂಪರ್ ವಾಹನದ ವಿನೈಲ್ ನೆಲಹಾಸಿಗೆ ಗೀರು ಬಿದ್ದರೆ ಸರಿಪಡಿಸುವುದು ಹೇಗೆ?

ವಿನೈಲ್ ನೆಲಹಾಸಿನಲ್ಲಿ ಮರದಂತೆಯೋ ಕಲ್ಲಿನಂತೆಯೋ ಕಾಣುವುದು ಮುದ್ರಿಸಿದ ಚಿತ್ರ. ಅದರ ಮೇಲೆ ತೆಳುವಾದ ಪಾರದರ್ಶಕ ಪದರವಿರುತ್ತದೆ. ಗೀರು ಆ ಪದರದಲ್ಲೇ ನಿಂತಿದ್ದರೆ ಸೋಪುನೀರಿನಲ್ಲಿ ಒರೆಸಿ, ಒಣಗಿಸಿ, ವಿನೈಲ್‌ಗೆಂದೇ ಇರುವ ಅಕ್ರಿಲಿಕ್ ಪಾಲಿಶ್ ಹಚ್ಚಿದರೆ ಸಾಕು. ಉಪ್ಪುಕಾಗದದಿಂದ ತಿಕ್ಕಿದರೆ ಹೊಳಪು ಹೋಗಿ, ಆ ಜಾಗ ಗೀರಿಗಿಂತಲೂ ಎದ್ದು ಕಾಣುತ್ತದೆ.

ಚಿತ್ರವೇ ಹರಿದಿದ್ದರೆ ತೇಪೆ ಹಾಕಬೇಕು. ಅಮೆರಿಕದ ಕ್ಯಾಂಪರ್‌ಗಳಲ್ಲಿ ಹೊರಕ್ಕೆ ಚಾಚಿಕೊಳ್ಳುವ ಕೋಣೆಯ ಉರುಳೆಗಳು ಇಂಥ ಹಾನಿ ಮಾಡುವುದುಂಟು. ಅದೇ ವಿನ್ಯಾಸದ ಹಾಸು ಅಂಗಡಿಯಲ್ಲಿ ಸಿಗುವುದು ಅಪರೂಪ. ಮಂಚದ ಅಡಿಯ, ಕಣ್ಣಿಗೆ ಬೀಳದ ಭಾಗದಿಂದ ಕತ್ತರಿಸಿಕೊಳ್ಳುವುದೇ ಜಾಣತನ. ತುಂಡನ್ನು ಹರಿದ ಜಾಗದ ಮೇಲಿಟ್ಟು, ವಿನ್ಯಾಸ ಕೂಡಿಸಿ, ಟೇಪ್ ಅಂಟಿಸಿ, ಎರಡು ಹಾಸುಗಳನ್ನೂ ಒಟ್ಟಿಗೇ ಕೊಯ್ದರೆ ಅಂಚುಗಳು ಸರಿಯಾಗಿ ಕೂಡುತ್ತವೆ. ಬಳಿಕ ಅಂಟು, ಅದು ಒಣಗಿದ ಮೇಲೆ ಸಂದಿಗೆ ಸೀಲರ್. ಈ ಕೊನೆಯ ಕೆಲಸವನ್ನು ಕ್ಯಾಂಪರ್‌ನಲ್ಲಿ ಬಿಡುವಂತಿಲ್ಲ: ಬಿಸಿಲು ಚಳಿಗಳಿಗೆ ಹಾಸು ಹಿಗ್ಗಿ ಕುಗ್ಗುತ್ತದೆ, ಸಂದಿಯಲ್ಲಿ ಇಳಿದ ನೀರು ಕೆಳಗಿನ ಪ್ಲೈವುಡ್ಡನ್ನು ಕೊಳೆಸುತ್ತದೆ.

1980ರ ದಶಕಕ್ಕಿಂತ ಹಳೆಯ ಹಾಸಿನ ಬೆನ್ನಿಗೆ ಕಲ್ನಾರು ಇರುವ ಸಾಧ್ಯತೆಯಿದೆ. ಅದನ್ನು ಕೊಯ್ಯುವ ಮೊದಲು ಪರೀಕ್ಷೆ ಮಾಡಿಸಬೇಕು.