ಪಾಡ್‌ಕಾಸ್ಟ್ | ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್: ಕರಾವಳಿಯಲ್ಲಿ ಕೊಳ್ಳುವ ಮೊದಲು ಏನೆಲ್ಲ ನೋಡಬೇಕು?

ಇವತ್ತು ಬೈಕಿನ ವಿಷಯ ಮಾತಾಡುವ. ಹೊಸ ಬೈಕಿನದ್ದಲ್ಲ, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕಿನದ್ದು. ಯಮಹಾ ಆರ್15, ಕೆಟಿಎಂ ಆರ್‌ಸಿ 200, ಪಲ್ಸರ್ ಆರ್‌ಎಸ್ 200, ಅಪಾಚೆ ಆರ್‌ಆರ್ 310, ಇಂಥವು.

ಮಣಿಪಾಲದಲ್ಲಿ ಕೋರ್ಸ್ ಮುಗಿಯುವ ಹೊತ್ತಿಗೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ‘ಅರ್ಜೆಂಟ್ ಸೇಲ್’ ಶುರುವಾಗ್ತದೆ. ಹುಡುಗರಿಗೆ ಊರಿಗೆ ಹೋಗುವ ಅವಸರ, ಟ್ರೈನ್ ಟಿಕೆಟ್ ಆಗಿರ್ತದೆ, ರೇಟ್ ಕೂಡ ಸ್ವಲ್ಪ ಇಳಿದಿರ್ತದೆ. ಫೋಟೋದಲ್ಲಿ ಬೈಕ್ ಫಳಫಳ ಹೊಳೀತಾ ಇರ್ತದೆ. ಇಂಥ ಬೈಕುಗಳಲ್ಲಿ ನಿಜವಾಗಿ ಒಳ್ಳೆಯವೂ ಉಂಟು. ಆದರೆ ಅವಸರ ಮಾರುವವರದ್ದು, ನಿಮ್ಮದಲ್ಲ. ನಾನು ಬೈಕ್ ನೋಡಲು ಹೋದಾಗ ಒಂದೇ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡಿರ್ತೇನೆ: ಮಾಲಕರು ಹೇಳುವ ಕತೆಗೂ ಬೈಕ್ ಹೇಳುವ ಕತೆಗೂ ತಾಳೆ ಆಗ್ತದಾ?

ಬೈಕ್ ಕತೆ ಹೇಳುವುದು ಹೇಗೆ? ಮೊದಲು ಉಪ್ಪಿನಿಂದ ಶುರು ಮಾಡುವ. ಬೆಂಗಳೂರಿನಲ್ಲಿ ಕೂತು ಮಾಡಿದ ಯೂಟ್ಯೂಬ್ ಚೆಕ್‌ಲಿಸ್ಟುಗಳಲ್ಲಿ ಇದು ಸಿಗುವುದು ಕಡಿಮೆ. ಕಾಪು, ಮಲ್ಪೆ ಕಡೆ ಕಡಲ ಬದಿಯ ಮನೆಗಳ ಕಿಟಕಿ ಸರಳು, ಗೇಟಿನ ಕೊಂಡಿ ನೋಡಿದ್ದೀರಲ್ಲ, ಅದೇ ಗಾಳಿ ಬೈಕಿಗೂ ಬೀಸುವುದು. ಉಪ್ಪು ಗಾಳಿಯಲ್ಲಿರುವ ತೇವವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ತುಕ್ಕು ಹಿಡಿಯುವುದು ವಿದ್ಯುತ್‌ರಾಸಾಯನಿಕ ಕ್ರಿಯೆ. ಹಾಗಾಗಿ ಉಪ್ಪು ಕೂತ ಕಬ್ಬಿಣ ಬೇಗ ತಿಂದುಹೋಗುತ್ತದೆ. ಇದರ ಮೇಲೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆ ಬೇರೆ.

ಸ್ಪೋರ್ಟ್ಸ್ ಬೈಕಿನಲ್ಲಿ ತೊಂದರೆ ಏನೆಂದರೆ, ಇದೆಲ್ಲ ಫೇರಿಂಗ್ ಹಿಂದೆ ಅಡಗಿರ್ತದೆ. ಫೇರಿಂಗ್ ಅಂದರೆ ಪ್ಲಾಸ್ಟಿಕ್. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಪಾಲಿಶ್ ಹೊಡೆದರೆ ಹೊಸದರ ಹಾಗೆ ಕಾಣ್ತದೆ. ಆದ್ದರಿಂದ ಹೊಳೆಯುವ ಜಾಗ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಿ. ಸೀಟ್ ತೆಗೆಸಿ, ಬ್ಯಾಟರಿ ಟರ್ಮಿನಲ್ ಮತ್ತು ವೈರಿಂಗ್ ಕನೆಕ್ಟರ್ ನೋಡಿ. ತಾಮ್ರದ ಪಿನ್ನುಗಳ ಮೇಲೆ ಹಸಿರು ಪುಡಿ ಇದ್ದರೆ ಉಪ್ಪು ಒಳಗೆ ಹೋಗಿದೆ ಅಂತ ಅರ್ಥ. ಅಂಥ ಬೈಕ್ ಬೇಸಿಗೆಯಲ್ಲಿ ಸುಮ್ಮನಿದ್ದು, ಜೂನ್ ತಿಂಗಳಲ್ಲಿ ಒಮ್ಮೆ ಸ್ಟಾರ್ಟ್ ಆಗಿ ಒಮ್ಮೆ ಆಗದೆ ಆಟ ಆಡಿಸ್ತದೆ. ಅಲ್ಯೂಮಿನಿಯಂ ಭಾಗಗಳ ಮೇಲೆ ಬಿಳಿ ಪುಡಿ, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್, ಸೈಲೆನ್ಸರಿನ ಬೆಂಡ್ ಪೈಪ್ ಎಂಜಿನಿಗೆ ಸೇರುವಲ್ಲಿನ ನಟ್ಟುಗಳು, ರೇಡಿಯೇಟರಿನ ತೆಳು ರೆಕ್ಕೆಗಳು, ಇಷ್ಟನ್ನೂ ಮೊಬೈಲ್ ಟಾರ್ಚ್ ಹಾಕಿ ನೋಡಿ. ಪೆಟ್ರೋಲ್ ಟ್ಯಾಂಕ್ ಮುಚ್ಚಳ ತೆಗೆದು ಒಳಗೂ ಒಮ್ಮೆ ಟಾರ್ಚ್ ಬಿಡಿ.

ಎಲ್ಲಕ್ಕಿಂತ ಮುಖ್ಯ ಮುಂದಿನ ಫೋರ್ಕ್ ಪೈಪ್. ಹೊಳೆಯುವ ಪೈಪಿನ ಮೇಲೆ ಸಣ್ಣ ಸಣ್ಣ ತುಕ್ಕಿನ ಗುಳಿ ಬಿದ್ದಿದ್ದರೆ, ಶಾಕ್ ಮೇಲೆ ಕೆಳಗೆ ಆಗುವಾಗಲೆಲ್ಲ ಅದು ಆಯಿಲ್ ಸೀಲನ್ನು ಕೆರೆಯುತ್ತದೆ. ಸೀಲ್ ಬದಲಿಸಿದರೂ ಸ್ವಲ್ಪ ದಿನಕ್ಕೆ ಮತ್ತೆ ಲೀಕ್. ಪೈಪೇ ಬದಲಿಸಬೇಕು, ಅದಕ್ಕೆ ದುಡ್ಡು ಜಾಸ್ತಿ.

ಇನ್ನೊಂದು ಉಪಾಯ ಹೇಳ್ತೇನೆ, ನಗಬೇಡಿ. ಮಾರುವವರ ಇನ್‌ಸ್ಟಾಗ್ರಾಂ ನೋಡಿ. ಬೀಚ್ ಮರಳಿನಲ್ಲಿ, ತೆರೆಯ ನೀರಿನಲ್ಲಿ ಬೈಕ್ ಓಡಿಸಿದ ರೀಲ್ಸ್ ಸಿಕ್ಕರೆ, ವೀಲಿ ಹೊಡೆದ ವಿಡಿಯೋ ಸಿಕ್ಕರೆ, ಸರ್ವಿಸ್ ಬುಕ್ಕಿನಲ್ಲಿ ಇಲ್ಲದ ವಿಷಯ ಅಲ್ಲಿ ಗೊತ್ತಾಗ್ತದೆ. ಮರಳು ಚೈನಿನ ಒಳಗೆ ಕೂತರೆ ಅರದ ಹಾಗೆ ಉಜ್ಜುತ್ತದೆ.

ಕಾರ್ಕಳ ಕಡೆಯ ಬೈಕಾದರೆ ಕಡಲು ದೂರ, ಉಪ್ಪಿನ ಭಯ ಕಡಿಮೆ. ಆದರೆ ಅಲ್ಲಿಯ ಹುಡುಗರ ಭಾನುವಾರ ಎಲ್ಲಿ ಕಳೀತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹೆಬ್ರಿ ದಾಟಿ ಆಗುಂಬೆ ಘಾಟಿ, ಇಲ್ಲದಿದ್ದರೆ ಮಾಳ ಘಾಟಿ ಹತ್ತಿ ಕುದುರೆಮುಖ. ಆಗುಂಬೆಯ 14 ತಿರುವು ಹತ್ತಿ ಇಳಿಯುವ ಬೈಕಿನಲ್ಲಿ ಬ್ರೇಕ್, ಕ್ಲಚ್ ಬೇಗ ಸವೆಯುತ್ತವೆ. ಡಿಸ್ಕಿನ ಅಂಚಿಗೆ ಉಗುರು ತಾಗಿಸಿ ನೋಡಿ, ಮೆಟ್ಟಿಲಿನ ಹಾಗೆ ಸಿಕ್ಕರೆ ಒಳ್ಳೆ ಸವೆದಿದೆ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಕೆತ್ತಿರ್ತಾರೆ.

ಈಗ ಬಿದ್ದ ಬೈಕಿನ ವಿಷಯ. ಸ್ಟ್ಯಾಂಡಿನಿಂದ ಬಿದ್ದು ಗೀಚಿದ್ದು ದೊಡ್ಡ ವಿಷಯವೇ ಅಲ್ಲ. ಓಡುವಾಗ ಬಿದ್ದು ಚಾಸಿಸ್ ಬಾಗಿದ್ದರೆ ಮಾತ್ರ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಅದನ್ನು ತಿಳಿಯಲು ಮೆಕ್ಯಾನಿಕ್ ಆಗಬೇಕೆಂದೇನೂ ಇಲ್ಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಇನ್ನು ತಿರುಗದ ಹಾಗೆ ತಡೆಯುವ ಒಂದು ಸಣ್ಣ ಲೋಹದ ಗೂಟ ಹ್ಯಾಂಡಲಿನ ಕೆಳಗೆ, ಚಾಸಿಸ್‌ನ ಕುತ್ತಿಗೆ ಹತ್ತಿರ ಇರ್ತದೆ. ಸ್ಟಿಯರಿಂಗ್ ಸ್ಟಾಪರ್ ಅಂತಾರೆ. ಜೋರಾಗಿ ಬಿದ್ದಾಗ ಹ್ಯಾಂಡಲ್ ಹೋಗಿ ಅದಕ್ಕೇ ಹೊಡೆಯುವುದು. ಫೇರಿಂಗ್ ಬದಲಿಸುವವರು, ಇಂಡಿಕೇಟರ್ ಬದಲಿಸುವವರು ಈ ಗೂಟವನ್ನು ಮರೆತುಬಿಡ್ತಾರೆ.

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ಚಿಕ್ಕಮ್ಮನ ಮಗನ ಜೊತೆ ಕಾಪುವಿಗೆ ಒಂದು 200 ಸಿಸಿ ಬೈಕ್ ನೋಡಲು ಹೋಗಿದ್ದೆ. ಮಾರುವ ಹುಡುಗ ತುಂಬಾ ಮರ್ಯಾದೆಯವನು. “ದಾಲ ಸಮಸ್ಯೆ ಇಜ್ಜಿ ಅಣ್ಣಾ, ಒಂಜಿ ಸರ್ತಿಲಾ ಬೂರ್ದಿಜಿ” ಅಂದ. ಏನೂ ಸಮಸ್ಯೆ ಇಲ್ಲ, ಒಂದು ಸಲವೂ ಬಿದ್ದಿಲ್ಲ ಅಂತ. ಹೊರಗೆ ಒಂದು ಗೀರೂ ಇರಲಿಲ್ಲ. ಆದರೆ ಎಡಗಡೆಯ ಸ್ಟಾಪರ್ ಜಜ್ಜಿ ಹೋಗಿತ್ತು, ಅದರ ಸುತ್ತ ಪೇಂಟ್ ಒಡೆದಿತ್ತು. ಹುಡುಗ ಸುಳ್ಳು ಹೇಳಿದ್ದಾನೆ ಅಂತ ನನಗೆ ಅನಿಸಲಿಲ್ಲ. ಅವನ ಕೈಯಲ್ಲಿ ಬಿದ್ದಿರಲಿಕ್ಕಿಲ್ಲ. ಯಾಕೆಂದರೆ ಆರ್‌ಸಿ ಕೇಳಿದಾಗ ಅದರಲ್ಲಿದ್ದದ್ದು ಬೇರೆಯೇ ಹೆಸರು, ಕೋರ್ಸ್ ಮುಗಿಸಿ ಎಂದೋ ಊರಿಗೆ ಹೋದ ವಿದ್ಯಾರ್ಥಿಯದ್ದು. ಆ ಆರ್‌ಸಿ ವಿಷಯಕ್ಕೆ ಆಮೇಲೆ ಬರ್ತೇನೆ.

ಬೀಳುವಾಗ ಉಜ್ಜುವ ಇತರ ಜಾಗಗಳು: ಹ್ಯಾಂಡಲಿನ ತುದಿ, ಲಿವರ್‌ಗಳ ತುದಿ, ಫುಟ್‌ರೆಸ್ಟ್, ಎಂಜಿನ್ ಕವರ್. ಒಂದು ಬದಿಯ ಇವೆಲ್ಲ ಮಾತ್ರ ಹೊಸದಾಗಿ ಹೊಳೀತಾ ಇದ್ದರೆ ಯಾಕೆ ಅಂತ ಕೇಳಿ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ, ನಡುವಿನಲ್ಲಿ ಕಟಕ್ ಅಂತ ಕೂತ ಹಾಗಾದರೆ ಬೇರಿಂಗ್ ಹೋಗಿದೆ. ರಿಮ್ ತಿರುಗಿಸಿ ಬೆಂಡ್ ನೋಡಿ. ನಮ್ಮ ಹೊಂಡಗಳ ವಿಷಯ ನಾನು ಹೇಳಬೇಕಾಗಿಲ್ಲ.

ಎಂಜಿನ್ ನೋಡುವಾಗ ಒಂದು ಶರತ್ತು ಮೊದಲೇ ಹಾಕಿ: “ನಾನು ಬರುವ ಮುಂಚೆ ಸ್ಟಾರ್ಟ್ ಮಾಡ್ಬೇಡಿ.” ಹೋದ ಕೂಡಲೇ ಎಂಜಿನಿಗೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ, ತಣ್ಣಗಿರುವಾಗ ಏನೋ ತೊಂದರೆ ಕೊಡ್ತದೆ ಅಂತ ಸಂಶಯಪಡಬಹುದು. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ಕಟಕಟ ಸದ್ದು ಬಂದು ನಿಲ್ಲದಿದ್ದರೆ, ನೀಲಿ ಹೊಗೆ ಬಂದರೆ, ಮೆಕ್ಯಾನಿಕ್ ಇಲ್ಲದೆ ಮುಂದೆ ಹೋಗಬೇಡಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರೀತಾ ಉಂಟು. ಆಯಿಲ್ ನೋಡುವ ಕಿಟಕಿಯಲ್ಲಿ ಚಹಾಕ್ಕೆ ಹಾಲು ಹಾಕಿದ ಬಣ್ಣ ಕಂಡರೆ ನೀರು ಅಥವಾ ಕೂಲಂಟ್ ಆಯಿಲಿಗೆ ಸೇರಿದೆ, ವಾಪಸ್ ಬನ್ನಿ. ಗ್ಯಾರೇಜಿನಲ್ಲಿ ಮೀಟರ್ ಇದ್ದರೆ ಬ್ಯಾಟರಿಯನ್ನೂ ನೋಡಿಸಿ: ಎಂಜಿನ್ ಆಫ್ ಇರುವಾಗ 12.6 ವೋಲ್ಟ್ ಆಸುಪಾಸು, ಓಡುವಾಗ 14ರ ಆಸುಪಾಸು ಇರಬೇಕು.

ಕಿಲೋಮೀಟರ್ ಮೀಟರನ್ನು ನಾನು ಸಾಕ್ಷಿ ಅಂತ ತೆಗೆದುಕೊಳ್ಳುವುದಿಲ್ಲ. ಮೀಟರ್ ಬದಲಿಸಬಹುದು. ಸರಿಯಾಗಿ ನೋಡಿಕೊಂಡ ಚೈನ್ ಸ್ಪ್ರಾಕೆಟ್ ಸೆಟ್ 20,000 ಕಿಲೋಮೀಟರ್ ಆಸುಪಾಸು ಬರ್ತದೆ; ಮೀಟರಿನಲ್ಲಿ 8,000 ಇದ್ದು, ಸ್ಪ್ರಾಕೆಟಿನ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಎರಡರಲ್ಲೊಂದು ಸುಳ್ಳು. ಅಥವಾ ಚೈನಿಗೆ ಎಣ್ಣೆಯೇ ಹಾಕಿಲ್ಲ, ಅದೂ ಒಳ್ಳೆ ಸುದ್ದಿಯಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬೈಕಿಗಿಂತ ಟೈರ್ ಹೊಸದಾಗಿದ್ದರೆ ಯಾವಾಗ, ಎಷ್ಟು ಕಿಲೋಮೀಟರಿಗೆ ಬದಲಿಸಿದ್ದು ಅಂತ ಕೇಳಿ. ಸರ್ವಿಸ್ ಬಿಲ್ಲುಗಳಿದ್ದರೆ ಎಲ್ಲಕ್ಕೂ ಉತ್ತರ ಅಲ್ಲೇ ಸಿಗ್ತದೆ.

ಟೆಸ್ಟ್ ರೈಡ್ ಓಣಿಯೊಳಗೆ ಒಂದು ಸುತ್ತು ಅಲ್ಲ. ಲೈಸೆನ್ಸ್, ಹೆಲ್ಮೆಟ್ ಇಟ್ಟುಕೊಂಡು, ಇನ್ಶೂರೆನ್ಸ್ ಚಾಲ್ತಿಯಲ್ಲಿ ಉಂಟಾ ಅಂತ ನೋಡಿಕೊಂಡೇ ಹೊರಡಿ. ಮಣಿಪಾಲದಲ್ಲಾದರೆ ಲಕ್ಷ್ಮೀಂದ್ರನಗರದ ಕಡೆಗಿನ ಇಳಿಜಾರು ಬ್ರೇಕ್ ನೋಡಲು ಸಾಕು. ಕಾಪುವಿನಲ್ಲಾದರೆ ಹೈವೇ 66 ನೇರ ಉಂಟು, ಬೈಕ್ ಒಂದು ಬದಿಗೆ ಎಳೀತದಾ ಅಂತ ತಿಳೀತದೆ. ಎಬಿಎಸ್ ದೀಪ ಮರೀಬೇಡಿ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯ. ಕೀ ಆನ್ ಮಾಡಿದಾಗ ಆ ದೀಪ ಹತ್ತಬೇಕು, ಬೈಕ್ ಸ್ವಲ್ಪ ಓಡಿದ ಮೇಲೆ ಆರಬೇಕು. ಆರದೇ ಇದ್ದರೆ ಸೆನ್ಸರ್ ಅಥವಾ ವೈರಿಂಗ್ ತೊಂದರೆ. ಹತ್ತುವುದೇ ಇಲ್ಲ ಅಂದರೆ ಇನ್ನೂ ಹೆಚ್ಚು ಸಂಶಯಪಡಿ, ತೊಂದರೆ ಕಾಣದ ಹಾಗೆ ದೀಪವನ್ನೇ ಕಟ್ ಮಾಡಿರಬಹುದು.

ಈಗ ಆರ್‌ಸಿ. ಬೈಕ್ ಎಷ್ಟು ಒಳ್ಳೆಯದಿದ್ದರೂ ಇಲ್ಲಿ ತಪ್ಪಿದರೆ ನಷ್ಟ ಬೈಕಿನ ಬೆಲೆಗಿಂತ ದೊಡ್ಡದು. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಒಬ್ಬರು 2007ರಲ್ಲಿ ಕಾರು ಮಾರಿದರು. ಅದು ಕೈಯಿಂದ ಕೈಗೆ ಹೋಯಿತು, ಆದರೆ ಆರ್‌ಸಿಯಲ್ಲಿ ಹೆಸರು ಬದಲಾಗಲಿಲ್ಲ. 2009ರಲ್ಲಿ ಆ ಕಾರು ಡಿಕ್ಕಿಯಾಗಿ ಒಬ್ಬ ಹುಡುಗ ತೀರಿಕೊಂಡ. ಪರಿಹಾರದ ಹೊಣೆ ಯಾರದ್ದು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಕರು, ಹೊಣೆ ಅವರದ್ದೇ ಅಂತ ಕೋರ್ಟ್ ಹೇಳಿತು. ಕಾರು ಕೈಬಿಟ್ಟು ಎರಡು ವರ್ಷ ಆಗಿತ್ತು, ನೋಡಿ.

ಅದು ಮಾರುವವರ ಕಷ್ಟ, ನಮಗೇನು ಅಂತ ಅಂದ್ಕೋಬೇಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಾಗದೆ ನಿಮ್ಮ ಬೈಕಿಗೆ ಹಾನಿಯಾದರೆ, ಕಳವಾದರೆ, ಕ್ಲೇಮ್ ಸಿಗುವುದು ಕಷ್ಟ. ಮೂರನೆಯವರಿಗಾದ ಹಾನಿಗೆ ಪಾಲಿಸಿ ತಾನಾಗಿ ವರ್ಗವಾದಂತೆ ಅಂತ ಕಾನೂನು ಹೇಳ್ತದೆ. ನಿಮ್ಮ ಸ್ವಂತ ಬೈಕಿನ ಹಾನಿಗೆ ಅದು ಅನ್ವಯಿಸುವುದಿಲ್ಲ. 2018ರ ಸೆಪ್ಟೆಂಬರ್ ನಂತರದ ಬೈಕಿಗೆ ಐದು ವರ್ಷದ ಇನ್ಶೂರೆನ್ಸ್ ಉಂಟು ಅಂತ ಮಾರುವವರು ಹೇಳಿದರೆ, ಅದು ಥರ್ಡ್ ಪಾರ್ಟಿ ಮಾತ್ರವಾ, ಪೂರ್ತಿಯಾ ಅಂತ ಪಾಲಿಸಿ ತೆಗೆದು ಓದಿ. ಕಾಪುವಿನ ಆ ಬೈಕನ್ನು ನಾವು ಬಿಟ್ಟು ಬಂದದ್ದು ಸ್ಟಾಪರ್‌ಗಿಂತ ಹೆಚ್ಚು ಈ ಕಾರಣಕ್ಕೆ. ಸಹಿ ಹಾಕಬೇಕಾದ ಹುಡುಗ ಎಲ್ಲಿದ್ದಾನೆ ಅಂತ ಮಾರುವವನಿಗೂ ಗೊತ್ತಿರಲಿಲ್ಲ.

ಮಾಡಬೇಕಾದ್ದು ಏನು? ಪರಿವಾಹನ್ ಪೋರ್ಟಲಿನಲ್ಲಿ ನಂಬರ್ ಹಾಕಿ ನೋಂದಣಿ, ಇನ್ಶೂರೆನ್ಸ್, ಸಾಲದ ನಮೂದು ಮತ್ತು ಬಾಕಿ ಚಲನ್ ನೋಡಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು. ‘ಲೋನ್ ಮುಗಿದಿದೆ’ ಅನ್ನುವ ಬಾಯಿಮಾತು ಸಾಲದು. ವರ್ಗಾವಣೆಗೆ ಫಾರ್ಮ್ 29, ಫಾರ್ಮ್ 30. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ಬೈಕಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ. ಕೆಎ 20 ನಂಬರಾದರೆ ಕೆಲಸ ಇಲ್ಲೇ ಉಡುಪಿಯಲ್ಲಿ ಮುಗೀತದೆ. ಮಣಿಪಾಲದಲ್ಲಿ ಕೇರಳ, ಮಹಾರಾಷ್ಟ್ರ ನಂಬರಿನ ಬೈಕುಗಳೂ ಸುಮಾರು ಉಂಟು. ಅದನ್ನು ಕರ್ನಾಟಕಕ್ಕೆ ತರಲು ಆ ಊರಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಆ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿದರೆ ‘ಅರ್ಜೆಂಟ್ ಸೇಲ್’ ರೇಟ್ ಎಷ್ಟೋ ಸಲ ಅಷ್ಟೇನೂ ಕಡಿಮೆ ಅನಿಸುವುದಿಲ್ಲ. ಸದ್ದು ಮಾಡುವ ಬೇರೆ ಸೈಲೆನ್ಸರ್ ಹಾಕಿದ್ದರೆ ಕಂಪನಿಯದ್ದು ಎಲ್ಲಿ ಅಂತ ಕೇಳಿ, ಅದೂ ಸಿಗಲೇಬೇಕು.

ಪೂರ್ತಿ ದುಡ್ಡು ಕೊಡುವ ದಿನ ಮಾರುವವರನ್ನು ಎದುರಿಗೇ ಕೂರಿಸಿ ಸಹಿ ಮಾಡಿಸಿ. ಅವರು ಮರುದಿನ ಊರಿಗೆ ಹೋಗುವವರಾದರೆ ಆನ್‌ಲೈನ್ ಅರ್ಜಿಯನ್ನೂ ಅವರು ಇರುವಾಗಲೇ ಹಾಕಿ, ಅವರ ಮೊಬೈಲಿನ ಒಟಿಪಿ ಬೇಕಾಗ್ತದೆ. ಕ್ಯಾಶ್ ಬೇಡ, ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಿ. ಬೈಕ್ ಕೈಗೆ ಬಂದಾಗ ಒಂದು ಡೆಲಿವರಿ ಪತ್ರ ಬರೆಸಿ, ಇಬ್ಬರೂ ಸಹಿ ಹಾಕಿ. ಅದರಲ್ಲಿ ತಾರೀಕು ಮಾತ್ರ ಅಲ್ಲ, ಗಂಟೆಯನ್ನೂ ಬರೆಯಿರಿ. ಆ ದಿನ ಸಂಜೆ ನಾಲ್ಕಕ್ಕೆ ಎಲ್ಲೋ ಕ್ಯಾಮೆರಾಕ್ಕೆ ಸಿಕ್ಕಿ ಚಲನ್ ಬಂದರೆ, ಬೈಕ್ ಐದು ಗಂಟೆಗೆ ನಿಮ್ಮ ಕೈಗೆ ಬಂದದ್ದು ಅಂತ ತೋರಿಸಲು ಅದೊಂದು ಕಾಗದ ಸಾಕು.