ಔಷಧ ಮಳಿಗೆಯ ಸುಧಾರಣೆ: ಹಣ ಎಲ್ಲಿಂದ, ಮೊದಲು ಯಾವುದಕ್ಕೆ?

ಇತರ ಚಿಲ್ಲರೆ ವ್ಯಾಪಾರಗಳಲ್ಲಿ ಅಂಗಡಿಯ ಅಂದಚೆಂದವು ಗಿರಾಕಿಯನ್ನು ಸೆಳೆಯುವ ಸಾಧನ. ಔಷಧ ವ್ಯಾಪಾರದಲ್ಲಿ ಮಳಿಗೆಯು ಅದಕ್ಕೂ ಮೊದಲು ಸರಕಿನ ಗುಣವನ್ನು ಕಾಪಾಡುವ ಸಾಧನ. ಕಾರ್ಖಾನೆಯಿಂದ ಸುಸ್ಥಿತಿಯಲ್ಲಿ ಹೊರಟ ಇನ್ಸುಲಿನ್ ಬಾಟಲಿಯೊಂದು ಮಾರಾಟಗಾರನ ಕಪಾಟಿನಲ್ಲಿ ಸತ್ವ ಕಳೆದುಕೊಂಡರೆ ಅದು ಅನೇಕ ವೇಳೆ ರೋಗಿಗೂ ತಿಳಿಯದು, ಮಾರಿದವನಿಗೂ ತಿಳಿಯದು. ಮಳಿಗೆಯನ್ನು ಸುಧಾರಿಸಹೊರಟ ವರ್ತಕರು ಗಾಜಿನ ಮುಂಭಾಗ ಮತ್ತು ನಾಮಫಲಕದಿಂದ ಆರಂಭಿಸುವುದು ಈ ದೃಷ್ಟಿಯಿಂದ ಸರಿಯಾದ ಕ್ರಮವಲ್ಲ.

1945ರ ಔಷಧ ನಿಯಮಗಳ ಪ್ರಕಾರ ಚಿಲ್ಲರೆ ಮಾರಾಟದ ಪರವಾನಗಿಗೆ ಕನಿಷ್ಠ 10 ಚದರ ಮೀಟರ್, ಅಂದರೆ ಸುಮಾರು 108 ಚದರ ಅಡಿ ಸ್ಥಳವಿರಬೇಕು. ಚಿಲ್ಲರೆ ಹಾಗೂ ಸಗಟು ಎರಡನ್ನೂ ಒಂದೆಡೆ ನಡೆಸುವವರಿಗೆ 15 ಚದರ ಮೀಟರ್ ಬೇಕು. ವೈದ್ಯರ ಚೀಟಿಯಂತೆ ಔಷಧವನ್ನು ಬೆರೆಸಿ ಕೊಡುವ, ‘ಫಾರ್ಮಸಿ’ ಎಂಬ ಹೆಸರನ್ನು ಧರಿಸುವ ಮಳಿಗೆಗಳಿಗೆ ‘ಎನ್’ ಅನುಸೂಚಿಯು ಇನ್ನಷ್ಟು ಕಟ್ಟುಪಾಡುಗಳನ್ನು ವಿಧಿಸುತ್ತದೆ. ಔಷಧ ವಿತರಣಾ ಭಾಗವು ಒಬ್ಬ ಫಾರ್ಮಸಿಸ್ಟರಿಗೆ 6 ಚದರ ಮೀಟರ್‌ಗೆ ಕಡಿಮೆಯಿಲ್ಲದಂತೆ, ಹೆಚ್ಚುವರಿ ಒಬ್ಬೊಬ್ಬರಿಗೂ ಮತ್ತೆ 2 ಚದರ ಮೀಟರ್ ದೊರೆಯುವಂತೆ ಇರಬೇಕು. ಎತ್ತರ ಕನಿಷ್ಠ 2.5 ಮೀಟರ್, ನೆಲ ನುಣುಪಾಗಿಯೂ ತೊಳೆಯಲು ಬರುವಂತೆಯೂ, ಗೋಡೆಗಳು ಬಿರುಕು ರಂಧ್ರಗಳಿಲ್ಲದೆಯೂ ಇರಬೇಕು. ಅವಧಿ ಮೀರಿದ ಔಷಧಗಳನ್ನು ಮಾರಾಟದ ದಾಸ್ತಾನಿನಿಂದ ಬೇರ್ಪಡಿಸಿ, ಮಾರಾಟಕ್ಕಲ್ಲವೆಂದು ಗುರುತಿಸಿ ಇಡುವುದು ಎಲ್ಲರಿಗೂ ಅನ್ವಯಿಸುವ ಷರತ್ತು. ಇವೆಲ್ಲ ಕನಿಷ್ಠ ಅಗತ್ಯಗಳೇ ಹೊರತು ಮಾದರಿಯಲ್ಲ. ಹತ್ತು ಚದರ ಮೀಟರಿನಲ್ಲಿ ಕಪಾಟು, ಮೇಜು, ಶೈತ್ಯಪೆಟ್ಟಿಗೆ ಕುಳಿತ ಮೇಲೆ ರೋಗಿಯೊಡನೆ ಎರಡು ಮಾತು ಮರೆಯಾಗಿ ಆಡಲು ಸ್ಥಳ ಉಳಿಯುವುದು ಅಪರೂಪ. ಆದರೆ 2015ರ ಫಾರ್ಮಸಿ ವೃತ್ತಿ ನಿಬಂಧನೆಗಳು ರೋಗಿಗೆ ಸಲಹೆ ನೀಡುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಎಣಿಸಿವೆ.

ಮೊದಲ ವೆಚ್ಚವು ಉಷ್ಣತೆಯ ನಿಯಂತ್ರಣಕ್ಕೆ ಸಲ್ಲಬೇಕು. ರಾಯಚೂರು, ಕಲಬುರಗಿ ಸೀಮೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅನೇಕ ಮಾತ್ರೆಗಳ ಪೊಟ್ಟಣದ ಮೇಲೆ 25 ಅಥವಾ 30 ಡಿಗ್ರಿ ಮೀರದಂತೆ ಇಡಬೇಕೆಂದು ಅಚ್ಚಾಗಿರುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವವೇ ಶತ್ರು; ಅಲ್ಲಿ ಗೋಡೆಗೆ ತಾಗಿಸಿದ ಕಪಾಟನ್ನು ಕೆಲವು ಅಂಗುಲ ಮುಂದೆ ತರುವುದರಿಂದಲೇ, ಹೆಚ್ಚಿನ ಖರ್ಚಿಲ್ಲದೆ, ಬಹಳಷ್ಟು ಹಾನಿ ತಪ್ಪುತ್ತದೆ. ಬಳಕೆಗೆ ತೆರೆಯದ ಇನ್ಸುಲಿನ್ ಮತ್ತು ಬಹುತೇಕ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಬೇಕು. ಗೃಹಬಳಕೆಯ ಶೈತ್ಯಪೆಟ್ಟಿಗೆಯ ಬಾಗಿಲಿನ ತಟ್ಟೆಯಲ್ಲಿ ಉಷ್ಣತೆ ಪದೇಪದೇ ಏರಿಳಿಯುವುದರಿಂದ ಅದು ಇವುಗಳ ಸ್ಥಾನವಲ್ಲ. ಹಿಮಪೆಟ್ಟಿಗೆಗೆ ತಗುಲಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಯೋಗ್ಯವಲ್ಲ. ಉಷ್ಣಮಾಪಕವನ್ನಿಟ್ಟು ದಿನಕ್ಕೆರಡು ಬಾರಿ ಬರೆದಿಡುವುದು, ವಿದ್ಯುತ್ ಕಡಿತದ ವೇಳೆಗೆ ಇನ್ವರ್ಟರಿನಿಂದ ಪ್ರತ್ಯೇಕ ತಂತಿ ಎಳೆಸುವುದು ಅವಶ್ಯ. ಮಧ್ಯಾಹ್ನದ ಊಟದ ಡಬ್ಬಿಗೆ ಅಲ್ಲಿ ಎಡೆಯಿರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಈ ವೆಚ್ಚವನ್ನು ಮಾರಾಟ ಬೆಲೆಗೆ ಸೇರಿಸಿ ವಸೂಲು ಮಾಡುವ ಮಾರ್ಗ ಔಷಧ ವರ್ತಕನಿಗಿಲ್ಲ. ಗರಿಷ್ಠ ಚಿಲ್ಲರೆ ಬೆಲೆ ಪೊಟ್ಟಣದ ಮೇಲೆಯೇ ಅಚ್ಚಾಗಿದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶವು ಪಟ್ಟಿಯಲ್ಲಿರುವ ಔಷಧಗಳ ಗರಿಷ್ಠ ಬೆಲೆಯನ್ನು ನಿರ್ಧರಿಸುವಾಗ ಚಿಲ್ಲರೆ ವರ್ತಕನ ಲಾಭಾಂಶವನ್ನು ಶೇ. 16ರಂತೆ ಲೆಕ್ಕ ಹಿಡಿಯುತ್ತದೆ. ತೆರಿಗೆ ಬಿಟ್ಟು 100 ರೂ.ಗೆ ಕೊಂಡದ್ದು 116 ರೂ.ಗೆ ಮಾರಾಟವಾಗುತ್ತದೆಂದು ಭಾವಿಸಿದರೆ, ತಿಂಗಳಿಗೆ 10,000 ರೂ. ಸಾಲದ ಕಂತು ಕಟ್ಟಲು 72,500 ರೂ. ಹೆಚ್ಚುವರಿ ಮಾರಾಟ ಬೇಕಾಗುತ್ತದೆ. ಅದೂ ಬಾಡಿಗೆ, ಸಂಬಳ, ವಿದ್ಯುತ್ತಿನ ಹೊರೆ ಒಂದು ರೂಪಾಯಿಯೂ ಹೆಚ್ಚದಿದ್ದರೆ ಮಾತ್ರ. ಪಟ್ಟಿಯ ಹೊರಗಿನ ಔಷಧಗಳಲ್ಲಿ ಲಾಭಾಂಶ ಸಾಮಾನ್ಯವಾಗಿ ತುಸು ಹೆಚ್ಚಾದರೂ, ಗಿರಾಕಿಗೆ ಕೊಡುವ ರಿಯಾಯಿತಿ ಅದನ್ನು ನುಂಗುವುದುಂಟು. ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ಮಾಡಿಕೊಳ್ಳುವುದು ಕ್ಷೇಮಕರ.

ಸಣ್ಣ ಮಳಿಗೆಗಳು ಎಡವುವುದು ಹೆಚ್ಚಾಗಿ ಸಾಲದ ಮೊತ್ತದಲ್ಲಲ್ಲ, ಸಾಲದ ಬಗೆಯಲ್ಲಿ. ದಾಸ್ತಾನು ಕೊಳ್ಳಲೆಂದು ಬ್ಯಾಂಕು ನೀಡಿದ ಓವರ್‌ಡ್ರಾಫ್ಟ್ ಹಣವನ್ನು ಹವಾನಿಯಂತ್ರಕಕ್ಕೂ ಕಪಾಟಿಗೂ ಹೂಡಿದರೆ, ಮೂರು ತಿಂಗಳೊಳಗೆ ಸಗಟು ವರ್ತಕರ ಬಿಲ್ಲು ಬಾಕಿ ಬಿದ್ದು, ನಗದು ರಿಯಾಯಿತಿ ಕೈತಪ್ಪಿ, ಬೇಕಾದ ಔಷಧ ಇಲ್ಲವೆಂದು ಗಿರಾಕಿಯೂ ಬೇರೆಡೆಗೆ ತಿರುಗುತ್ತಾನೆ. ಐದು ವರ್ಷ ಬಾಳುವ ವಸ್ತುವಿಗೆ ಮೂರರಿಂದ ಐದು ವರ್ಷಗಳ ಅವಧಿ ಸಾಲವೇ ತಕ್ಕದ್ದು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ ವ್ಯಾಪಾರಿಗಳಿಗೂ ಆಸ್ತಿಯ ಆಧಾರವಿಲ್ಲದೆ ಸಾಲ ದೊರೆಯುತ್ತದೆ: ಶಿಶು ವರ್ಗದಲ್ಲಿ 50,000 ರೂ. ತನಕ, ಕಿಶೋರದಲ್ಲಿ 5 ಲಕ್ಷ, ತರುಣದಲ್ಲಿ 10 ಲಕ್ಷ ರೂ. ತನಕ. ತರುಣ ಸಾಲವನ್ನು ಪಡೆದು ಸರಿಯಾಗಿ ತೀರಿಸಿದವರಿಗೆ 2024ರಿಂದ ಮಿತಿ 20 ಲಕ್ಷ ರೂ. ಆಗಿದೆ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರವನ್ನು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಸಾಲಿಗೆ ಸೇರಿಸಲಾಯಿತು. ಉದ್ಯಮ ನೋಂದಣಿ ಮಾಡಿಸದವರು ಮೊದಲು ಅದನ್ನು ಮಾಡಿಸಿಕೊಂಡರೆ ಬ್ಯಾಂಕಿನ ಮಾತುಕತೆ ಸುಲಭವಾಗುತ್ತದೆ.

ತೆರಿಗೆಯ ಕಡೆಯಿಂದಲೂ ಕೊಂಚ ನೆರವುಂಟು. 2025ರ ಸೆಪ್ಟೆಂಬರ್ 22ರಿಂದ ಹವಾನಿಯಂತ್ರಕಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಸಾಮಾನ್ಯ ಕ್ರಮದಲ್ಲಿ ತೆರಿಗೆ ಕಟ್ಟುವ ವರ್ತಕರು ವ್ಯಾಪಾರಕ್ಕಾಗಿ ಕೊಂಡ ಶೈತ್ಯಪೆಟ್ಟಿಗೆ, ಹವಾನಿಯಂತ್ರಕಗಳ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ರಾಜಿ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಕಟ್ಟಡದ ಮೌಲ್ಯಕ್ಕೆ ಸೇರಿಸಿ ತೋರಿಸಿದ ನಿರ್ಮಾಣ ವೆಚ್ಚಕ್ಕೂ ಸಿಗದು.

ಇನ್ನು ಬಾಡಿಗೆ ಮಳಿಗೆಯ ಪ್ರಶ್ನೆ. ಔಷಧ ಪರವಾನಗಿಯು ನಮೂದಿತ ಸ್ಥಳಕ್ಕೇ ಅಂಟಿಕೊಂಡಿರುತ್ತದೆ. ಸ್ಥಳ ಬದಲಾದರೆ ಹೊಸ ಪರವಾನಗಿ ಬೇಕು. ಹನ್ನೊಂದು ತಿಂಗಳ ಕರಾರಿನ ಮೇಲೆ ಐದು ವರ್ಷದ ಸಾಲ ತೆಗೆದು ನೆಲಹಾಸು ಹಾಕಿಸಿದವನು ಮಾಲೀಕನ ಆಸ್ತಿಯನ್ನು ತನ್ನ ಖರ್ಚಿನಲ್ಲಿ ಸುಧಾರಿಸಿದಂತಾಗುತ್ತದೆ. ಸಾಲದ ಅವಧಿಗಿಂತ ದೀರ್ಘವಾದ ನೋಂದಾಯಿತ ಕರಾರು, ಬಿಟ್ಟುಹೋಗುವಾಗ ಕಪಾಟು ಹಾಗೂ ಯಂತ್ರಗಳನ್ನು ಕಳಚಿ ಒಯ್ಯುವ ಹಕ್ಕು, ದುರಸ್ತಿಯ ಹೊಣೆ ಯಾರದೆಂಬ ಸ್ಪಷ್ಟ ನಮೂದು, ಈ ಮೂರೂ ಕೈಗೆ ಬಂದ ಮೇಲೆಯೇ ಗೋಡೆ ಒಡೆಯುವ ಕೆಲಸಕ್ಕೆ ಕೈಹಾಕತಕ್ಕದ್ದು. ಮಳಿಗೆಯ ವಿನ್ಯಾಸವೇ ಬದಲಾಗುವಂತಿದ್ದರೆ ಹೊಸ ನಕ್ಷೆಯನ್ನು ಔಷಧ ನಿಯಂತ್ರಣ ಅಧಿಕಾರಿಗಳಿಗೆ ಮುಂಚಿತವಾಗಿ ತೋರಿಸುವುದು ಒಳಿತು. ಇಲ್ಲವಾದರೆ ಎರಡನೆಯ ಬಾರಿ ಒಡೆಸುವ ಖರ್ಚನ್ನು ಯಾವ ಬ್ಯಾಂಕೂ ಭರಿಸದು.